ಮಾವನ ಅಂಗಡಿ ಲ್ಯಾಪ್‌ಟಾಪ್: ವಿಂಡೋಸ್ ಹಾಕೋಕೆ ಮುಂಚಿನ ಒಂಬತ್ತು ದಿನ

ಹೊಸ ವಿಂಡೋಸ್ ಕೂತಿದ್ದು 34 ನಿಮಿಷದಲ್ಲಿ. ಅದಕ್ಕೆ ಮುಂಚಿನ ತಯಾರಿಗೆ ಹಿಡಿದಿದ್ದು ಒಂಬತ್ತು ದಿನ. ಆ 34 ನಿಮಿಷದ ಬಗ್ಗೆ ಬರೆಯೋಕೆ ಏನೂ ಇಲ್ಲ. ಒಂಬತ್ತು ದಿನದಲ್ಲಿ ನಾನು ಮಾಡಿದ ತಪ್ಪುಗಳು ಮಾತ್ರ ಬೇಕಾದಷ್ಟಿವೆ, ಅದಕ್ಕೇ ಈ ಟಿಪ್ಪಣಿ.

ಲ್ಯಾಪ್‌ಟಾಪ್ ನಮ್ಮ ಸೋದರಮಾವನದು. ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಅವರ ದಲಾಲಿ ಅಂಗಡಿ, ಹೆಚ್ಚಿನದು ಮೆಕ್ಕೆಜೋಳದ ವ್ಯವಹಾರ. 2019ರಲ್ಲಿ ಕೊಂಡಿದ್ದು: ಎಂಟನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಬಟನ್ ಒತ್ತಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಒಂದು ಚಹಾ ಕುಡಿದು ಬಂದರೆ ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆಯುವ ಹೊತ್ತಿಗೆ ಸರಿಹೋಗುತ್ತಿತ್ತು.

ವಿಂಡೋಸ್ 10ಕ್ಕೆ ಅಪ್‌ಡೇಟ್ ಕೊಡೋದು 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರ ತನಕ, ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಬರೀ ಅದೇ ಕಾರಣವಾಗಿದ್ದರೆ ನಾನು ಸೀಸನ್ ಮುಗಿಯೋವರೆಗೆ ಕೈ ಹಾಕುತ್ತಿರಲಿಲ್ಲ. ಆದರೆ ಈ ನಿಧಾನ ಸಹಿಸುವ ಹಾಗಿರಲಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2021ರಲ್ಲಿ ಇದೇ ಯಂತ್ರವನ್ನು ಒಂದು ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದ್ದರು. ‘ಡೇಟಾ ಏನು ಬೇಕು?’ ಅಂತ ಕೇಳಿದ್ದಕ್ಕೆ ಮಾವ ‘ಟ್ಯಾಲಿ ಒಂದು ಬೇಕು’ ಅಂದಿದ್ದರು. ಟ್ಯಾಲಿ ಉಳಿಯಿತು, ಅತ್ತೆಯ ಎರಡು ವರ್ಷದ ಫೋಟೋ ಹೋಯಿತು. ಇವತ್ತಿಗೂ ಮನೆಯಲ್ಲಿ ಆ ಮಾತು ಬಂದರೆ ಮಾವ ಎದ್ದು ಹೊರಗೆ ಹೋಗುತ್ತಾರೆ.

ನವೆಂಬರ್‌ನಲ್ಲಿ ಯಾರ್ಡ್ ತುಂಬ ಜೋಳದ ರಾಶಿ. ಜಗಳೂರು ಕಡೆಯ ಟ್ರ್ಯಾಕ್ಟರ್‌ಗಳು ಬೆಳಗಾಗುವ ಮುಂಚೆಯೇ ಸಾಲು ನಿಂತಿರುತ್ತವೆ. ಹಾಗಾಗಿ ಭಾನುವಾರ ಬಿಟ್ಟರೆ ಲ್ಯಾಪ್‌ಟಾಪ್ ನನ್ನ ಕೈಗೆ ಸಿಗುತ್ತಿದ್ದದ್ದು ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಮಾತ್ರ. ಕೆಳಗಿನದು ಹೆಚ್ಚಾಗಿ ರಾತ್ರಿ ಪಾಳಿಯ ಕೆಲಸ.

ನವೆಂಬರ್ 8, ಶನಿವಾರ: ಮೊದಲು ಡಿಸ್ಕ್ ನೋಡಿದೆ

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಚಿಕ್ಕ ಉಚಿತ ತಂತ್ರಾಂಶ ಇದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಂಡಿರುವುದನ್ನು ಅದು ಓದಿ ತೋರಿಸುತ್ತದೆ. ಹಾಕಿ ನೋಡಿದರೆ ಹಳದಿ ಬಣ್ಣ, ‘ಕಾಷನ್’. ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಅನ್ನೋ ಸಾಲಿನಲ್ಲಿ 38. ಅಂದರೆ ಓದೋಕೆ ತೊಂದರೆ ಕೊಡುತ್ತಿರುವ ಜಾಗಗಳು 38.

ಅರ್ಧ ಗಂಟೆ ಬಿಟ್ಟು ಗೊತ್ತಾಯಿತು, ಆ ಸಂಖ್ಯೆ ನಾವು ಎಣಿಸುವ ಲೆಕ್ಕದಲ್ಲಿಲ್ಲ. ತಂತ್ರಾಂಶ ಅದನ್ನು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ, ತೋರಿಸುತ್ತದೆ. ಹೆಕ್ಸ್ 38 ಅಂದರೆ 56. ಮೆನುವಿನಲ್ಲಿ ‘ರಾ ವ್ಯಾಲ್ಯೂಸ್’ ಅನ್ನು ಡೆಸಿಮಲ್‌ಗೆ ಬದಲಿಸಬಹುದು. ಮೊದಲೇ ಬದಲಿಸಿಕೊಳ್ಳಿ.

38 ಆದರೂ 56 ಆದರೂ ತೀರ್ಮಾನ ಒಂದೇ. ಈ ಡಿಸ್ಕ್ ಅಳಿಸಿ ಅದರ ಮೇಲೇ ಹೊಸ ವಿಂಡೋಸ್ ಹಾಕುವುದರಲ್ಲಿ ಅರ್ಥವಿಲ್ಲ. ಹೊಸ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕುವುದು, ಹಳೆಯದನ್ನು ಅಳಿಸದೆ ಹಾಗೇ ಎತ್ತಿಡುವುದು. 512 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ತರಿಸಲು ಹೇಳಿದೆ, ₹3,350. ಜೊತೆಗೆ ಹಳೇ ಡಿಸ್ಕನ್ನು ಯುಎಸ್‌ಬಿಗೆ ಸಿಗಿಸುವ ಕೇಬಲ್, ₹420. ಬ್ಯಾಕಪ್‌ಗೆ 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ನನ್ನ ಹತ್ತಿರವೇ ಇತ್ತು.

ವಿಂಡೋಸ್ 11ಕ್ಕೆ ಈ ಯಂತ್ರ ಆಗುತ್ತದಾ ಅಂತಲೂ ಅವತ್ತೇ ನೋಡಿದೆ. ಪ್ರೊಸೆಸರ್ ಪಟ್ಟಿಯಲ್ಲಿದೆ, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಇದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆಫ್ ಇತ್ತು. ಅದು ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಮೊದಲು ಬರೆದಿಟ್ಟುಕೊಳ್ಳಲೇಬೇಕು. ಇಲ್ಲದಿದ್ದರೆ ಬಿಚ್ಚಿ ಎತ್ತಿಟ್ಟ ಹಳೇ ಡಿಸ್ಕನ್ನು ಬೇರೆ ಯಂತ್ರದಲ್ಲಿ ತೆರೆಯೋಕೇ ಆಗಲ್ಲ.

ನವೆಂಬರ್ 9, ಭಾನುವಾರ: ಪಕ್ಕದಲ್ಲಿ ಕೂತೆ

ಬೆಳಿಗ್ಗೆ ಮಾವನ ಜೊತೆ ಬೆಣ್ಣೆ ದೋಸೆ ತಿಂದು ಅಂಗಡಿಗೆ ಹೋದೆವು. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತದೆ, ನಿಶ್ಶಬ್ದ.

‘ಮಾವ, ಇದರಲ್ಲಿ ಏನೇನು ಉಳೀಬೇಕು?’

‘ಏನೈತಿ ಅಳಿಯಾ, ಟ್ಯಾಲಿ ಒಂದಿದ್ರೆ ಸಾಕು.’

ಅದೇ ಉತ್ತರ! ನಾನು ಕೇಳಿದ ಪ್ರಶ್ನೆಯೇ ತಪ್ಪು ಅಂತ ಆಗ ಹೊಳೆಯಿತು. ಫೈಲ್ ಎಲ್ಲಿದೆ, ಯಾವುದು ಬೇಕು ಅಂದರೆ ಯಾರಿಗೂ ನೆನಪಾಗಲ್ಲ. ‘ಸರಿ ಮಾವ, ನಾಳೆ ಸೋಮವಾರ ಅಂದ್ಕೊಳ್ಳಿ. ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡ್ತೀರೋ ಅದನ್ನೆಲ್ಲ ನನ್ನ ಮುಂದೆ ಒಂದ್ಸಲ ಮಾಡಿ ತೋರಿಸಿ’ ಅಂದೆ. ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಒಂದೂವರೆ ಗಂಟೆ ಹಿಡಿಯಿತು. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಒಂದೇ ಒಂದು ಜಾಣತನ ಅಂದರೆ ಇದೇ.

ಬಂದದ್ದು ಇಷ್ಟು. ಟ್ಯಾಲಿ. ರೈತರಿಗೆ ಕೊಡುವ ಪಟ್ಟಿ, ಅದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ, 10 ಇಂಚು ಅಗಲ 6 ಇಂಚು ಉದ್ದದ ಕಾಗದಕ್ಕೆ. ರೈತರ ಮುಂಗಡ ಬರೆದಿಡುವ ಎಕ್ಸೆಲ್ ಫೈಲುಗಳು, ವರ್ಷಕ್ಕೊಂದು. ಬ್ಯಾಂಕಿಗೆ, ಎಪಿಎಂಸಿಗೆ ಬರೆದ ಪತ್ರಗಳು, ಎಲ್ಲವೂ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯಲ್ಲಿ ಟೈಪ್ ಮಾಡಿದ್ದು. ಜಿಎಸ್‌ಟಿ ಪೋರ್ಟಲ್ಲಿನ ಪಾಸ್‌ವರ್ಡ್, ಅದು ಕ್ರೋಮ್‌ಗೆ ಗೊತ್ತು, ಮಾವನಿಗೆ ಗೊತ್ತಿಲ್ಲ. ವಾಟ್ಸಾಪ್‌ನಲ್ಲಿ ಬಂದ ಪಹಣಿ, ಬ್ಯಾಂಕ್ ಪಾಸ್‌ಬುಕ್ ಫೋಟೋಗಳು. ಅವು 3,000ಕ್ಕೂ ಜಾಸ್ತಿ, ಎಲ್ಲ ‘ಡೌನ್‌ಲೋಡ್ಸ್’ ಒಳಗೆ ರಾಶಿ ಬಿದ್ದಿದ್ದವು. ಡೌನ್‌ಲೋಡ್ಸ್ ಅಂದರೆ ಕಸದ ಬುಟ್ಟಿ ಅಂತ ತಿಳಿದು ಬಿಟ್ಟುಬಿಡುವ ಅಭ್ಯಾಸ ನನಗಿತ್ತು. ಆ ಅಭ್ಯಾಸ ಅವತ್ತೇ ಬಿಟ್ಟೆ.

ಪ್ರಿಂಟರಿನ ಸೆಟ್ಟಿಂಗ್ ಪುಟಗಳನ್ನೆಲ್ಲ ಫೋನಿನಲ್ಲಿ ಫೋಟೋ ಹೊಡೆದುಕೊಂಡೆ: ಕಾಗದದ ಅಳತೆ, ಮೇಲಿನ ಅಂಚು, ಎಡದ ಅಂಚು. ಯಾವ ಬ್ಯಾಕಪ್ ತಂತ್ರಾಂಶವೂ ಇದನ್ನು ನೆಟ್ಟಗೆ ಎತ್ತಿಕೊಡಲ್ಲ. ಫೋಟೋನೇ ವಾಸಿ.

ನವೆಂಬರ್ 10, ಸೋಮವಾರ: ಎಳೆದು ಬಿಟ್ಟಿದ್ದು, ನಿಂತಿದ್ದು

ಸಿ ಡ್ರೈವಿನ ‘ಯೂಸರ್ಸ್’ ಫೋಲ್ಡರ್ 140 ಜಿಬಿ. ಹಿಡಿದು ಎಕ್ಸ್‌ಟರ್ನಲ್ ಡಿಸ್ಕಿಗೆ ಎಳೆದು ಬಿಟ್ಟೆ. ಶೇಕಡಾ 61ಕ್ಕೆ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಅಂತ ಒಂದು ಪೆಟ್ಟಿಗೆ ತೆರೆದು ನಿಂತಿತ್ತು. ಕೆಟ್ಟ ಸೆಕ್ಟರ್ ಸಿಕ್ಕಿದೆ ಅಂತ ಅರ್ಥ. ‘ಸ್ಕಿಪ್’ ಒತ್ತಿ ಊಟಕ್ಕೆ ಹೋದೆ. ಬಂದು ನೋಡಿದರೆ ಇನ್ನೊಂದು ಪೆಟ್ಟಿಗೆ. ಇಷ್ಟರಲ್ಲಿ ಏನು ಹೋಯಿತು, ಏನು ಉಳಿಯಿತು ಅನ್ನುವ ಲೆಕ್ಕ ಎಲ್ಲೂ ಇಲ್ಲ. ಬಿಟ್ಟೆ.

ನವೆಂಬರ್ 11, ಮಂಗಳವಾರ: ರೋಬೋಕಾಪಿ, ಅರ್ಧ ಓದಿ ಮಾಡಿದ್ದು

ವಿಂಡೋಸ್ ಒಳಗೇ ರೋಬೋಕಾಪಿ ಅಂತ ಒಂದು ಕಮಾಂಡ್ ಇದೆ. ನಕಲು ಮಾಡಿದ್ದಕ್ಕೆಲ್ಲ ಲೆಕ್ಕ ಬರೆದಿಡುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು ಎಲ್ಲಿಂದ, ಎಲ್ಲಿಗೆ ಅಂತ ಹೊಡೆದು, ರಾತ್ರಿ 12ಕ್ಕೆ ಮಲಗಿದೆ.

ಬೆಳಿಗ್ಗೆ 6ಕ್ಕೆ ಎದ್ದು ನೋಡಿದರೆ ಒಂದೇ ಒಂದು ಫೈಲಿನ ಮುಂದೆ ಕೂತಿತ್ತು. ‘30 ಸೆಕೆಂಡ್ ಕಾಯುತ್ತಿದ್ದೇನೆ, ಮತ್ತೆ ಪ್ರಯತ್ನಿಸುತ್ತಿದ್ದೇನೆ’ ಅನ್ನುವ ಸಾಲು, ಪರದೆ ತುಂಬ ಅದೇ. ಆಮೇಲೆ ಓದಿದೆ: ನಾವು ಏನೂ ಹೇಳದಿದ್ದರೆ ರೋಬೋಕಾಪಿ ಒಂದು ಫೈಲಿಗೆ 10 ಲಕ್ಷ ಸಲ ಪ್ರಯತ್ನ ಮಾಡುತ್ತದೆ, ಪ್ರತಿ ಸಲಕ್ಕೆ 30 ಸೆಕೆಂಡ್ ಕಾದು. ಲೆಕ್ಕ ಹಾಕಿ ನೋಡಿದೆ, 347 ದಿನ. ಮುಂದಿನ ಸೀಸನ್ನಿನ ಜೋಳ ಬಂದಿರುತ್ತಿತ್ತು. ಅಷ್ಟೇ ಅಲ್ಲ, ಸಾಯುತ್ತಿರುವ ಡಿಸ್ಕಿನ ಅದೇ ಹುಣ್ಣನ್ನು ರಾತ್ರಿಯಿಡೀ ಕೆರೆದ ಹಾಗೆ ಆಗಿತ್ತು. ಪೆಂಡಿಂಗ್ ಸೆಕ್ಟರ್ 56 ಇದ್ದದ್ದು 64 ಆಗಿತ್ತು.

ನವೆಂಬರ್ 12, ಬುಧವಾರ: ಸರಿಯಾಗಿ ಮಾಡಿದ್ದು

ಈ ಸಲ ಹೊಡೆದ ಸಾಲು ಇದು. ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು, ಇಲ್ಲಿ ಓದೋಕೆ ಅಂತ ಕನ್ನಡದಲ್ಲಿ ಬರೆದಿದ್ದೇನೆ:

ರೋಬೋಕಾಪಿ ಸಿ:\ಯೂಸರ್ಸ್ ಇ:\ಬ್ಯಾಕಪ್\ಯೂಸರ್ಸ್ /ಇ /ಎಕ್ಸ್‌ಜೆ /ಆರ್:1 /ಡಬ್ಲ್ಯೂ:1 /ಲಾಗ್:ಇ:\ಲಾಗ್.ಟಿಎಕ್ಸ್‌ಟಿ

‘/ಇ’ ಅಂದರೆ ಖಾಲಿ ಫೋಲ್ಡರ್ ಸೇರಿ ಒಳಗಿನದೆಲ್ಲ. ‘ಆರ್:1, ಡಬ್ಲ್ಯೂ:1’ ಅಂದರೆ ಒಂದೇ ಸಲ ಮರುಪ್ರಯತ್ನ, ಒಂದೇ ಸೆಕೆಂಡ್ ಕಾಯುವುದು. ‘ಎಕ್ಸ್‌ಜೆ’ ಹಾಕದಿದ್ದರೆ ಯೂಸರ್ಸ್ ಒಳಗಿರುವ ಅಡ್ಡದಾರಿ ಫೋಲ್ಡರುಗಳ ಹಿಂದೆ ಹೋಗಿ ಸುತ್ತು ಹೊಡೆಯುವ ಸಾಧ್ಯತೆ ಇದೆ. ಲಾಗ್ ಅಂತೂ ಬೇಕೇ ಬೇಕು. ಹಾಗೇ ‘ಮಿರ್’ ಅನ್ನುವ ಇನ್ನೊಂದು ಆಯ್ಕೆ ಕಾಣುತ್ತದೆ. ಮೂಲದಲ್ಲಿ ಇಲ್ಲದ್ದನ್ನು ಅದು ಬ್ಯಾಕಪ್ಪಿನಿಂದಲೂ ಅಳಿಸಿಹಾಕುತ್ತದೆ. ಅದರ ಸಹವಾಸ ಬೇಡ.

ನಾಲ್ಕು ಗಂಟೆಯಲ್ಲಿ ಮುಗಿಯಿತು. ಲಾಗಿನ ಕೊನೆಯಲ್ಲಿ ‘ಫೇಲ್ಡ್’ ಅನ್ನುವ ಕಾಲಂ ಇರುತ್ತದೆ. ಅಲ್ಲಿ 41. ಒಂದೊಂದೇ ತೆಗೆದು ನೋಡಿದೆ.

34 ಫೈಲುಗಳಿಗೆ ಎರರ್ 362. ಇವು ಮಾವನ ಡೆಸ್ಕ್‌ಟಾಪಿನಲ್ಲಿದ್ದವು. ಅವರಿಗೆ ಗೊತ್ತಿಲ್ಲದೆಯೇ ಯಾವಾಗಲೋ ಡೆಸ್ಕ್‌ಟಾಪ್ ವನ್‌ಡ್ರೈವ್ ಒಳಗೆ ಹೋಗಿತ್ತು. ಫೈಲಿನ ಹೆಸರು ಕಾಣುತ್ತದೆ, ಪಕ್ಕದಲ್ಲಿ ಒಂದು ಮೋಡದ ಚಿತ್ರ. ಅಂದರೆ ಫೈಲ್ ಇರುವುದು ಇಂಟರ್‌ನೆಟ್ಟಿನಲ್ಲಿ, ಇಲ್ಲಿರುವುದು ಬರೀ ಬೋರ್ಡು. ನಕಲು ಬೇಗ ಆಗಲಿ ಅಂತ ವನ್‌ಡ್ರೈವನ್ನು ನಾನೇ ನಿಲ್ಲಿಸಿದ್ದೆ, ಹಾಗಾಗಿ ಬೋರ್ಡಿನ ಹಿಂದೆ ಅಂಗಡಿಯೇ ಇರಲಿಲ್ಲ. ಮತ್ತೆ ಚಾಲೂ ಮಾಡಿ, ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಕೊಟ್ಟೆ. 20 ನಿಮಿಷದಲ್ಲಿ ಎಲ್ಲ ಇಳಿಯಿತು.

4 ಫೈಲುಗಳಿಗೆ ಎರರ್ 32, ಬೇರೆ ತಂತ್ರಾಂಶ ಹಿಡಿದುಕೊಂಡಿದೆ ಅಂತ. ಕ್ರೋಮ್ ತೆರೆದೇ ಇತ್ತು. ಮುಚ್ಚಿ ಮತ್ತೆ ಓಡಿಸಿದರೆ ಹೋಯಿತು. ರೋಬೋಕಾಪಿಯನ್ನು ಎಷ್ಟು ಸಲ ಓಡಿಸಿದರೂ ನಷ್ಟವಿಲ್ಲ, ಆಗಲೇ ನಕಲಾದದ್ದನ್ನು ಬಿಟ್ಟು ಮುಂದೆ ಹೋಗುತ್ತದೆ.

ಉಳಿದ 3, ಎರರ್ 23. ಇವು ನಿಜವಾಗಿ ಕೆಟ್ಟವು. ಒಂದು ಯಾವುದೋ ವಿಡಿಯೋ, ಒಂದು ವಿಂಡೋಸ್‌ನದೇ ಚಿಲ್ಲರೆ ಫೈಲು. ಮೂರನೆಯದು ‘ರೈತರ ಮುಂಗಡ 2022-23’. ಹೊಟ್ಟೆ ತಣ್ಣಗಾಯಿತು.

ಬೆಳಿಗ್ಗೆ ಮಾವನಿಗೆ ಹೇಳಿದೆ. ಅವರೇನೂ ಗಾಬರಿಯಾಗಲಿಲ್ಲ. ‘ಆಡಿಟರಿಗೆ ಕಳ್ಸಿದ್ದೆ ನೋಡು’ ಅಂದರು. ಮೇಲ್‌ನಲ್ಲಿ ಹುಡುಕಿದರೆ 2023ರ ಮಾರ್ಚ್ ಎರಡನೇ ವಾರ ಕಳಿಸಿದ ಪ್ರತಿ ಸಿಕ್ಕಿತು. ಅದರ ಆಮೇಲಿನ 11 ಎಂಟ್ರಿ ಇಲ್ಲ. ಮಾವ ಕಪಾಟಿನಿಂದ ಆ ವರ್ಷದ ಕಿರ್ದಿ ಪುಸ್ತಕ ತೆಗೆದು, ಧೂಳು ಕೊಡವಿ, 11 ಸಾಲನ್ನೂ ಓದಿ ಹೇಳಿದರು. ನಾನು ಟೈಪ್ ಮಾಡಿದೆ.

‘ಗೆದ್ದಲು ಒಂದ್ ಬಿಟ್ರೆ ಬುಕ್ಕಿಗೆ ಏನೂ ಆಗಂಗಿಲ್ಲ ನೋಡು ಅಳಿಯಾ’ ಅಂದರು. ಎದುರು ಮಾತಾಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ನವೆಂಬರ್ 13, ಗುರುವಾರ: ಬೇರೆ ಯಂತ್ರದಲ್ಲಿ ತೆರೆದು ನೋಡಿದ್ದು

ನಕಲು ಆಯಿತು ಅಂದರೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಸುಮ್ನೆ ಒಂದ್ಸಲ ನೋಡೋಣ ಅಂತ ಎಕ್ಸ್‌ಟರ್ನಲ್ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ, ಅಲ್ಲೊಂದು ಇಲ್ಲೊಂದು 20 ಫೈಲ್ ತೆರೆದೆ. ಎಕ್ಸೆಲ್ ಸರಿ, ಫೋಟೋ ಸರಿ. ಬ್ಯಾಂಕಿಗೆ ಬರೆದ ಪತ್ರ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಟೋಪಿ, ಚುಕ್ಕಿ ಇಟ್ಟ ಹಾಗೆ ಏನೇನೋ. ಒಂದು ಸಾಲೂ ಕನ್ನಡ ಇಲ್ಲ.

ಫೈಲ್ ಕೆಟ್ಟಿರಲಿಲ್ಲ. ಹಳೇ ನುಡಿ ಫಾಂಟುಗಳು ಕೆಲಸ ಮಾಡುವುದೇ ಹಾಗೆ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫೈಲಿನೊಳಗೆ ಇರುವುದು ಆ ಸಂಕೇತ ಮಾತ್ರ, ಕನ್ನಡ ಇರುವುದು ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪತ್ರ ಬರೀ ಗೀಚು. ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಈ ತೊಂದರೆ ಇಲ್ಲ. ಆದರೆ ಮಾವನ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೆಯ ಫಾಂಟಿನವು.

ನುಡಿ ಹೊಸದಾಗಿ ಹಾಕಿಕೊಂಡರೆ ಆಯಿತು ಅಲ್ವಾ ಅನ್ನಬಹುದು. ಮುಕ್ಕಾಲು ಪಾಲು ಪತ್ರಗಳಿಗೆ ಆಯಿತು. ಆದರೆ ಕೆಲವು ಪತ್ರಗಳ ತಲೆಬರಹಕ್ಕೆ ಯಾರೋ ತಂದು ಹಾಕಿದ ಬೇರೆ ಫಾಂಟುಗಳಿದ್ದವು. ವಿಂಡೋಸ್‌ನ ‘ಫಾಂಟ್ಸ್’ ಫೋಲ್ಡರಿನಿಂದ ಕನ್ನಡದವನ್ನೆಲ್ಲ ನಕಲು ಮಾಡಿಕೊಂಡೆ. ಆದರೂ ಒಂದು ತಲೆಬರಹ ಸರಿಯಾಗಲಿಲ್ಲ. ಇನ್ನೊಂದು ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಒಬ್ಬ ಬಳಕೆದಾರನಿಗೆ ಅಂತ ಮಾತ್ರ ಹಾಕಿದ ಫಾಂಟುಗಳು ಆ ಫೋಲ್ಡರಿನಲ್ಲಿ ಇರಲ್ಲ. ಯೂಸರ್ ಹೆಸರಿನ ಒಳಗೆ, ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್, ಅಲ್ಲಿ ಕೂತಿರುತ್ತವೆ. ಆಪ್‌ಡೇಟಾ ಮಾಮೂಲಿಯಾಗಿ ಕಣ್ಣಿಗೆ ಕಾಣದ ಫೋಲ್ಡರ್.

ಎಲ್ಲಾ ಫಾಂಟುಗಳನ್ನೂ ನನ್ನ ಯಂತ್ರಕ್ಕೆ ಹಾಕಿ, ಪ್ರತಿ ವರ್ಷದಿಂದ ಎರಡೆರಡು ಪತ್ರ ತೆರೆದು ಓದಿದೆ. ಓದೋಕೆ ಬಂತು. ತೀರಾ ಮುಖ್ಯವಾದ 26 ಪತ್ರಗಳನ್ನು ಹಳೇ ಯಂತ್ರದಿಂದಲೇ ಪಿಡಿಎಫ್ ಮಾಡಿಟ್ಟೆ. ಪಿಡಿಎಫ್‌ ಒಳಗೆ ಫಾಂಟ್ ಸೇರಿಕೊಂಡಿರುತ್ತದೆ.

ನವೆಂಬರ್ 14, ಶುಕ್ರವಾರ: ಟ್ಯಾಲಿ

ಡೇಟಾ ಸುಲಭ. ಸಂಖ್ಯೆಯೇ ಹೆಸರಾಗಿರುವ ಫೋಲ್ಡರುಗಳು. ಎಲ್ಲಿವೆ ಅಂತ ಟ್ಯಾಲಿಯ ಕಂಪನಿ ಆಯ್ಕೆ ಪರದೆಯಲ್ಲೇ ತೋರಿಸುತ್ತದೆ. ಟ್ಯಾಲಿಯೊಳಗಿನ ಬ್ಯಾಕಪ್ ಒಂದು, ಫೋಲ್ಡರಿನ ನೇರ ನಕಲು ಇನ್ನೊಂದು, ಎರಡೂ ತೆಗೆದೆ.

ಕಷ್ಟ ಇದ್ದದ್ದು ಲೈಸೆನ್ಸಿನಲ್ಲಿ. ಅದು ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಹಳೇ ವಿಂಡೋಸ್ ಇರುವಾಗಲೇ ‘ಸರೆಂಡರ್’ ಮಾಡಿ, ಹೊಸದರಲ್ಲಿ ಮತ್ತೆ ಆಕ್ಟಿವೇಟ್ ಮಾಡಬೇಕು. ಅದಕ್ಕೆ ಅಡ್ಮಿನ್ ಇಮೇಲ್, ಪಾಸ್‌ವರ್ಡ್ ಬೇಕು. ನೋಡಿದರೆ ಇಮೇಲ್ ಮಾವನದಲ್ಲ. ನಾಲ್ಕು ವರ್ಷದ ಹಿಂದೆ ಲೆಕ್ಕ ಬರೆಯುತ್ತಿದ್ದ ಹುಡುಗನದು. ಅವನು ಈಗ ಬೆಂಗಳೂರಿನಲ್ಲಿ.

ಮಾವ ಫೋನ್ ಮಾಡಿದರು. ಮೊದಲ ಹತ್ತು ನಿಮಿಷ ಮಳೆ, ಜೋಳದ ರೇಟು, ಅವನ ಮಗುವಿಗೆ ಹಲ್ಲು ಬಂತಾ ಅನ್ನೋದು. ಹನ್ನೊಂದನೇ ನಿಮಿಷಕ್ಕೆ ವಿಷಯಕ್ಕೆ ಬಂದರು. ಪುಣ್ಯಕ್ಕೆ ಆ ಮೇಲ್ ಅವನು ಇನ್ನೂ ಬಳಸುತ್ತಿದ್ದ. ಪಾಸ್‌ವರ್ಡ್ ರೀಸೆಟ್ ಮಾಡಿ ಕೊಟ್ಟ. ಕೆಲಸ ಮುಗಿದ ಮೇಲೆ ಅಡ್ಮಿನ್ ಇಮೇಲನ್ನು ಮಾವನದಕ್ಕೆ ಬದಲಿಸುವುದು ಅಂತ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಬರೆದೆ.

ಪಾಸ್‌ವರ್ಡ್ ಸಿಕ್ಕ ಖುಷಿಯಲ್ಲಿ ಅವತ್ತೇ ಸರೆಂಡರ್ ಮಾಡೋಕೆ ಹೊರಟಿದ್ದೆ. ಕೈ ತಡೆದದ್ದು ಒಳ್ಳೆಯದಾಯಿತು. ಲೈಸೆನ್ಸ್ ಇಲ್ಲದ ಟ್ಯಾಲಿ ‘ಎಜುಕೇಷನಲ್ ಮೋಡ್’ಗೆ ಹೋಗುತ್ತದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿನ ಎಂಟ್ರಿ ಮಾತ್ರ ಹಾಕಬಹುದು. 15ನೇ ತಾರೀಖಿನ ಶನಿವಾರ ಅಂಗಡಿಯಲ್ಲಿ ಏನು ಮಾಡಬೇಕಿತ್ತು? ಹಾಗಾಗಿ ಸರೆಂಡರ್ ಭಾನುವಾರಕ್ಕೆ, ಡಿಸ್ಕ್ ಬಿಚ್ಚುವ ಹತ್ತು ನಿಮಿಷ ಮುಂಚೆ.

ಕ್ರೋಮ್ ಪಾಸ್‌ವರ್ಡುಗಳನ್ನೂ ಅವತ್ತೇ ಎಕ್ಸ್‌ಪೋರ್ಟ್ ಮಾಡಿದೆ. ಆ ಫೈಲಿನಲ್ಲಿ ಎಲ್ಲ ಪಾಸ್‌ವರ್ಡೂ ಬಿಚ್ಚಿಟ್ಟ ಹಾಗೆ ಇರುತ್ತದೆ, ಯಾರು ಬೇಕಾದರೂ ಓದಬಹುದು. ಕೆಲಸ ಮುಗಿದ ತಕ್ಷಣ ಅಳಿಸಬೇಕು.

ನವೆಂಬರ್ 15, ಶನಿವಾರ: ಪೆನ್‌ಡ್ರೈವ್, ಡ್ರೈವರ್, ಮತ್ತು ನನ್ನ ಎರಡು ದಡ್ಡತನ

ಹೊಸ 32 ಜಿಬಿ ಪೆನ್‌ಡ್ರೈವ್ ತಂದೆ, ₹380. ಮೈಕ್ರೋಸಾಫ್ಟ್‌ನ ‘ಮೀಡಿಯಾ ಕ್ರಿಯೇಷನ್ ಟೂಲ್’ಗೆ 8 ಜಿಬಿ ಸಾಕು. ಅದು ಪೆನ್‌ಡ್ರೈವಿನಲ್ಲಿರುವುದನ್ನು ಪೂರ್ತಿ ಅಳಿಸುತ್ತದೆ ಅಂತ ಎಚ್ಚರಿಕೆಯೂ ಕೊಡುತ್ತದೆ. ನಾನು ಓದಿ, ತಲೆ ಆಡಿಸಿ, ‘ಮುಂದೆ’ ಒತ್ತಿದೆ. ಪಕ್ಕದ ಪೋರ್ಟಿನಲ್ಲಿ ಇನ್ನೊಂದು ಪೆನ್‌ಡ್ರೈವ್ ಇತ್ತು. ಪಟ್ಟಿಯಲ್ಲಿ ಮೊದಲು ಬಂದದ್ದು ಅದು. ಮಾವನ ಕಾರಿನ ಹಾಡುಗಳು ಅದರಲ್ಲಿದ್ದವು, ತತ್ವಪದ, ಭಾವಗೀತೆ, ಹಳೇ ಸಿನಿಮಾ ಹಾಡು, ಹತ್ತು ವರ್ಷದಿಂದ ಕೂಡಿಸಿದ್ದು. 140 ಜಿಬಿ ಕಾಪಾಡೋಕೆ ಒಂದು ವಾರ ನಿದ್ದೆಗೆಟ್ಟವನು 6 ಜಿಬಿ ಹಾಡನ್ನು ಒಂದು ಕ್ಲಿಕ್ಕಿನಲ್ಲಿ ಕಳೆದೆ.

ಯಂತ್ರದ ಒಂದೊಂದು ಭಾಗವನ್ನು ನಡೆಸುವ ಚಿಕ್ಕ ತಂತ್ರಾಂಶಗಳಾದ ಡ್ರೈವರುಗಳನ್ನು ‘ಪಿಎನ್‌ಪಿಯುಟಿಲ್’ ಕಮಾಂಡಿನ ‘ಎಕ್ಸ್‌ಪೋರ್ಟ್-ಡ್ರೈವರ್’ ಆಯ್ಕೆಯಿಂದ ಒಂದು ಫೋಲ್ಡರಿಗೆ ತೆಗೆದು ಪೆನ್‌ಡ್ರೈವಿಗೆ ಹಾಕಿದೆ. ವೈಫೈ ಡ್ರೈವರ್ ಇದರಲ್ಲಿ ಮುಖ್ಯ. ವಿಂಡೋಸ್ 11 ಹೋಮ್ ಹಾಕುವಾಗ ಇಂಟರ್‌ನೆಟ್ ಕೇಳುತ್ತದೆ, ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತದೆ. ವೈಫೈ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್ಲಿಗೆ ಹಾಕಿ ಯುಎಸ್‌ಬಿ ಟೆದರಿಂಗ್ ಕೊಟ್ಟರೂ ಸಾಮಾನ್ಯವಾಗಿ ನಡೆಯುತ್ತದೆ. ಮಾವನ ಅಕೌಂಟಿನ ಪಾಸ್‌ವರ್ಡ್ ಹೊಸದು ಮಾಡಿ ಕಾಗದದಲ್ಲಿ ಬರೆದಿಟ್ಟೆ.

ವಿಂಡೋಸ್ ಯಾವ ಆವೃತ್ತಿ ಅಂತ ನೋಡಿದರೆ ‘ಪ್ರೋ’. ಆದರೆ ಕಾರ್ಖಾನೆಯಿಂದ ಬಯಾಸ್‌ನಲ್ಲಿ (ಯಂತ್ರವನ್ನು ಎಬ್ಬಿಸುವ ಒಳ ತಂತ್ರಾಂಶ) ಕೂತು ಬಂದಿರುವ ಕೀ ‘ಹೋಮ್ ಸಿಂಗಲ್ ಲಾಂಗ್ವೇಜ್’ನದು. ಅಂದರೆ 2021ರಲ್ಲಿ ಹಾಕಿಕೊಟ್ಟದ್ದು ಅಸಲಿ ಅಲ್ಲ. ದುಡ್ಡು ಕೊಟ್ಟು ಕೊಂಡ ಲೈಸೆನ್ಸ್ ಒಳಗೇ ಇದ್ದರೂ ನಾಲ್ಕು ವರ್ಷ ಕಳ್ಳ ವಿಂಡೋಸ್‌ನಲ್ಲಿ ಜಿಎಸ್‌ಟಿ ತುಂಬಿದ್ದಾರೆ ನಮ್ಮ ಮಾವ. ಹೊಸದಾಗಿ ಹಾಕುವಾಗ ಸೆಟಪ್ ತಾನೇ ಆ ಕೀ ಓದಿ ಹೋಮ್ ಆರಿಸಿಕೊಳ್ಳುತ್ತದೆ.

ಅದೇ ಅಂಗಡಿಯವರು ಬಯಾಸನ್ನು ‘ಲೆಗಸಿ’ ಅನ್ನುವ ಹಳೇ ರೀತಿಗೆ ಹಾಕಿಟ್ಟಿದ್ದರು. ವಿಂಡೋಸ್ 11ಕ್ಕೆ ಯುಇಎಫ್‌ಐ ಅನ್ನುವ ಹೊಸ ರೀತಿ ಬೇಕು. ಈಗಲೇ ಬದಲಿಸಿಬಿಡೋಣ ಅಂತ ರಾತ್ರಿ ಹತ್ತೂವರೆಗೆ ಬದಲಿಸಿದೆ. ಎರಡನೇ ದಡ್ಡತನ. ಕಪ್ಪು ಪರದೆ, ‘ಬೂಟ್ ಡಿವೈಸ್ ಇಲ್ಲ’. ಹಳೇ ಡಿಸ್ಕನ್ನು ಭಾಗ ಮಾಡಿದ್ದು ಎಂಬಿಆರ್ ಅನ್ನುವ ಹಳೇ ರೀತಿಯಲ್ಲಿ, ಯುಇಎಫ್‌ಐನಲ್ಲಿ ಅದು ಏಳಲ್ಲ. ಇದು ನನಗೆ ಗೊತ್ತಿದ್ದ ವಿಷಯ. ಆದರೂ ಹಾಳಾದ ಡಿಸ್ಕ್ ಇವತ್ತೇ ಸತ್ತಿತು, ಟ್ಯಾಲಿ ಸರೆಂಡರ್ ಆಗಿಲ್ಲ ಅಂತ 20 ನಿಮಿಷ ಬೆವೆತೆ. ಲೆಗಸಿಗೆ ವಾಪಸ್ ಹಾಕಿದ ಮೇಲೆ ಎದ್ದಿತು. ಈ ಬದಲಾವಣೆ ಹೊಸ ಡಿಸ್ಕ್ ಹಾಕಿದ ಮೇಲೆ ಮಾಡಬೇಕಾದದ್ದು.

ಪೆನ್‌ಡ್ರೈವಿನಿಂದ ಬೂಟ್ ಆಗುತ್ತದಾ ಅಂತ ಒಂದ್ಸಲ ನೋಡಿ, ಭಾಷೆ ಕೇಳುವ ಮೊದಲ ಪರದೆ ಬಂದ ಕೂಡಲೇ ಆಫ್ ಮಾಡಿದೆ. ಯಾವುದರಿಂದ ಬೂಟ್ ಆಗಬೇಕು ಅಂತ ಆರಿಸುವ ಕೀ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.

ನವೆಂಬರ್ 16, ಭಾನುವಾರ

ಬೆಳಿಗ್ಗೆ 9:40ಕ್ಕೆ ರೋಬೋಕಾಪಿ ಕೊನೆಯ ಸಲ. ಶನಿವಾರದ ವ್ಯವಹಾರ ಸೇರಿಸಿ ಟ್ಯಾಲಿ ಬ್ಯಾಕಪ್ ಮತ್ತೊಂದು, ಅದರ ಒಂದು ಪ್ರತಿ ಮಾವನ ಗೂಗಲ್ ಡ್ರೈವಿಗೆ. 10:15ಕ್ಕೆ ಟ್ಯಾಲಿ ಸರೆಂಡರ್. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್, ಆಗ ಪೂರ್ತಿ ಆಫ್ ಆಗುತ್ತದೆ, ಅರ್ಧ ನಿದ್ದೆಯಲ್ಲಿ ಇರಲ್ಲ.

ಕೆಳಗಿನ ಮುಚ್ಚಳಕ್ಕೆ 11 ಸ್ಕ್ರೂ. ಹತ್ತು ಬಿಚ್ಚಿ ಎಬ್ಬಿಸಿದರೆ ಬರಲಿಲ್ಲ, ಹನ್ನೊಂದನೆಯದು ರಬ್ಬರ್ ಪಾದದ ಕೆಳಗೆ. ಅದು ಗೊತ್ತಾಗುವ ಮೊದಲು ಒಂದು ಪ್ಲಾಸ್ಟಿಕ್ ಕೊಂಡಿ ಮುರಿದೆ. ಬ್ಯಾಟರಿ ಕನೆಕ್ಟರ್ ತೆಗೆದು, ಡಿಸ್ಕ್ ಬದಲಿಸಿ, ಮುಚ್ಚಿ, ಬಯಾಸ್ ಯುಇಎಫ್‌ಐಗೆ. ಆಮೇಲೆ ಆ 34 ನಿಮಿಷ. ಟ್ಯಾಲಿ ಆಕ್ಟಿವೇಟ್ ಆಯಿತು, ಅಡ್ಮಿನ್ ಇಮೇಲ್ ಬದಲಾಯಿತು, ಪಾಸ್‌ವರ್ಡ್ ಫೈಲ್ ಅಳಿಸಿದೆ.

ಖರ್ಚು: ಎಸ್‌ಎಸ್‌ಡಿ ₹3,350, ಕೇಬಲ್ ₹420, ಪೆನ್‌ಡ್ರೈವ್ ₹380, ಮಾವನ ಕಾರಿಗೆ ಹೊಸ ಪೆನ್‌ಡ್ರೈವ್ ₹300. ಒಟ್ಟು ₹4,450. ಕೊನೆಯದು ನನ್ನ ಜೇಬಿನಿಂದ. ಹಾಡು ಇನ್ನೂ ಹುಡುಕುತ್ತಿದ್ದೇನೆ.

ನವೆಂಬರ್ 17, ಸೋಮವಾರ

ಮೊದಲ ಪಟ್ಟಿ ಪ್ರಿಂಟ್ ಆಯಿತು, ಅರ್ಧ ಇಂಚು ಕೆಳಗೆ. ಹಮಾಲಿಯ ಸಾಲು ಕಾಗದದ ಹರಿಯುವ ಗೆರೆ ಮೇಲೆ ಬಿದ್ದಿತ್ತು. ರೈತರು ಕಾಯುತ್ತಿದ್ದರು, ಗುಮಾಸ್ತರು ನನ್ನ ಮುಖ ನೋಡುತ್ತಿದ್ದರು. ಫೋನಿನಲ್ಲಿದ್ದ ಫೋಟೋ ತೆಗೆದು ಮೇಲಿನ ಅಂಚಿನ ಅಳತೆ ತುಂಬಿದೆ. ಎರಡನೆಯದು ಸರಿಯಾಗಿ ಬಂತು.

ಹಳೇ ಡಿಸ್ಕಿಗೆ ಒಂದು ಚೀಟಿ ಅಂಟಿಸಿ ಮಾವನ ತಿಜೋರಿಯಲ್ಲಿ, ಕಿರ್ದಿ ಪುಸ್ತಕಗಳ ಮೇಲೆ ಇಟ್ಟಿದ್ದೇನೆ: ‘2026 ಮಾರ್ಚ್ 31ರ ತನಕ ಯಾರೂ ಮುಟ್ಟಬೇಡಿ’.